ಹೊಳೆಯಾಚೆಯ ಓ

ನನ್ನ ಮೊಬೈಲು 'ಟಿಣ್' ಎಂದರೆ ನಾನು 'ಓ' ಅನ್ನುತ್ತೇನೆ. ಬೇಕೆಂದು ಅನ್ನುವುದಲ್ಲ, ಬಾಯಿಗೆ ತಾನಾಗಿ ಬರುತ್ತದೆ. ಒಲೆಯ ಮುಂದೆ ನಿಂತಿರಲಿ, ಬಚ್ಚಲಲ್ಲಿರಲಿ, ಮಂಚದ ಮೇಲೆ ಅಡ್ಡಾಗಿರಲಿ, ಟಿಣ್ ಕೇಳಿದ ಕೂಡಲೇ 'ಓ' ಎಂದು, ಕೈ ಒರೆಸಿಕೊಂಡು, ಕನ್ನಡಕ ಹುಡುಕಿ ಹೋಗಿ ನೋಡಿದರೆ ಅದು ರೀಚಾರ್ಜಿನ ಆಫರ್ ಆಗಿರುತ್ತದೆ. ಫೋನ್ ಕಂಪನಿಗೆ ಇಷ್ಟು ಮರ್ಯಾದೆಯಿಂದ ಓಗೊಡುವವನು ಇಡೀ ಆಳಂದದಲ್ಲಿ ನಾನೊಬ್ಬನೇ ಇರಬೇಕು.

ಪಕ್ಕದ ಮನೆಯ ಖಾಜಾಬಿಗೂ ನನಗೂ ನಡುವೆ ಇರುವುದು ಒಂದು ಅರ್ಧ ಇಟ್ಟಂಗಿಯ ಗೋಡೆ. ಒಂದು ದಿನ ಆಕೆ ಬಾಗಿಲಿಗೆ ಬಂದು ಒಳಗೆಲ್ಲ ಕಣ್ಣಾಡಿಸಿದಳು.

"ಸರ್, ಮನ್ಯಾಗ ಯಾರರ ಬಂದಾರೇನ್ರಿ?"

"ಯಾರೂ ಇಲ್ಲವ್ವ."

"ಮತ್ತ ಮುಂಜಾನಿಂದ ಓ ಓ ಅನ್ನಾಕತ್ತೀರಲ್ರಿ?"

"ಫೋನ್ ಕರೀತು."

"ಫೋನಿಗಿ ಓ ಅಂತೀರೇನ್ರಿ?" ಎಂದು ನಕ್ಕು ಹೋದವಳು ಸಂಜೆ ಒಂದು ಬಟ್ಟಲು ಮಂಡಕ್ಕಿ ಸುಸಲಾ ಕಳಿಸಿದಳು. ತಲೆ ಕೆಟ್ಟವರಿಗೂ ಹಸಿವಾಗುತ್ತದೆ ಎಂದು ಕನಿಕರ ಬಂದಿರಬೇಕು. ಸುಸಲಾ ಚೆನ್ನಾಗಿತ್ತು, ಆದ್ದರಿಂದ ನಾನು ಅದನ್ನು ಅವಮಾನ ಎಂದು ತಿಳಿಯಲಿಲ್ಲ.

ನಾನು ಹೈಸ್ಕೂಲಿನಲ್ಲಿ ಚಿತ್ರಕಲೆಯ ಮಾಸ್ತರನಾಗಿದ್ದವನು. ಬಹಳ ವರ್ಷ ಜೇವರ್ಗಿಯಲ್ಲಿದ್ದೆ, ಕೊನೆಗೆ ಆಳಂದಕ್ಕೆ ಬಂದೆ, ಇಲ್ಲೇ ರಿಟೈರಾದೆ, ಬಾಡಿಗೆ ಮನೆಯಲ್ಲೇ ಉಳಿದುಕೊಂಡೆ. ನಮಗೆ ಮಕ್ಕಳಾಗಲಿಲ್ಲ. ಹೆಂಡತಿ ಸುಶೀಲಾ ತೀರಿಕೊಂಡ ಮೇಲೆ ಮನೆಯಲ್ಲಿ ಮಾತಾಡುವುದು ಕುಕ್ಕರ್ ಒಂದೇ. ಒಂಟಿತನ ಗಿಂಟಿತನ ಎಂದು ದೊಡ್ಡ ಮಾತು ಆಡಲು ನಾಚಿಕೆಯಾಗುತ್ತದೆ. ಸುಮ್ಮನೆ ಹೇಳಿಬಿಡುತ್ತೇನೆ: ಒಬ್ಬನೇ ಇದ್ದೇನೆ, ಅದು ನನಗೆ ಸೇರುವುದಿಲ್ಲ.

ಈ 'ಓ' ನನಗೆ ಅಂಟಿಕೊಂಡದ್ದು ಮಣ್ಣೂರಿನಲ್ಲಿ. ನಮ್ಮೂರು ಭೀಮಾ ದಂಡೆಯ ಮೇಲಿದೆ. ಆಚೆ ದಂಡೆ ಬೇರೆ ಜಿಲ್ಲೆ, ಆದರೆ ಬೀಗತನ ಮಾಡುವಾಗ ಜಿಲ್ಲೆ ಯಾರು ಕೇಳುತ್ತಾರೆ? ಅಪ್ಪನ ತಂಗಿ ಭಾಗವ್ವತ್ತಿಯನ್ನು ಆಚೆ ದಂಡೆಯ ಊರಿಗೆ ಕೊಟ್ಟಿದ್ದರು. ಆಗ ಹತ್ತಿರದಲ್ಲಿ ಸೇತುವೆ ಇರಲಿಲ್ಲ. ದಾಟಬೇಕೆಂದರೆ ದೋಣಿಯವನ ಮರ್ಜಿ ಕಾಯಬೇಕು, ಅವನ ಮರ್ಜಿ ಹೊಳೆಯ ನೀರಿಗಿಂತ ಹೆಚ್ಚು ಏರಿಳಿಯುತ್ತಿತ್ತು. ಹಾಗಾಗಿ ಜನ ದಾಟುತ್ತಿದ್ದುದು ಕಡಿಮೆ, ಮಾತು ದಾಟುತ್ತಿದ್ದುದು ಜಾಸ್ತಿ. ಎರಡೂ ದಂಡೆಯ ಹೆಂಗಸರು ಸಂಜೆ ಕೊಡ ಹೊತ್ತು ನೀರಿಗೆ ಬರುವ ಹೊತ್ತು ಒಂದೇ. ಆಗ ಹೊಳೆಯ ಮೇಲೆ ಕೂಗುಗಳು ಹೋಗಿಬರುತ್ತಿದ್ದವು.

ಅದಕ್ಕೆ ಒಂದು ರೀತಿ ರಿವಾಜು ಇತ್ತು. ಮೊದಲು ಹೆಸರು ಹಿಡಿದು ಕರೆಯಬೇಕು. ಆಮೇಲೆ ಸುಮ್ಮನೆ ನಿಲ್ಲಬೇಕು. ಆಚೆಯಿಂದ 'ಓ' ಬಂದ ಮೇಲೆಯೇ ಸುದ್ದಿ. ಓ ಬರುವುದಕ್ಕೆ ಮುಂಚೆ ಸುದ್ದಿ ಹೇಳುವುದೆಂದರೆ ಬಾಗಿಲು ಬಡಿಯದೆ ಇನ್ನೊಬ್ಬರ ಅಡುಗೆಮನೆಗೆ ನುಗ್ಗಿದ ಹಾಗೆ. ಮತ್ತೆ, ದೀಪ ಹಚ್ಚುವ ಹೊತ್ತಿನಲ್ಲಿ ಒಂದೇ ಕೂಗಿಗೆ ಓ ಅನ್ನಬಾರದು, ಒಂದು ಸಲ ಕರೆಯುವುದು ದೆವ್ವ, ಎರಡನೆಯ ಸಲವೂ ಕರೆದರೆ ಮನುಷ್ಯ ಎಂದು ಅವ್ವ ಹೇಳುತ್ತಿದ್ದಳು. ಅವ್ವನ ಲೆಕ್ಕದಲ್ಲಿ ನನ್ನ ಮೊಬೈಲಿಗೆ ಬರುವುದೆಲ್ಲ ದೆವ್ವಗಳೇ.

ಎಲ್ಲಕ್ಕಿಂತ ದೊಡ್ಡ ರಿವಾಜು ಎಂದರೆ ಕೆಟ್ಟ ಸುದ್ದಿಯನ್ನು ಹೊಳೆಯ ಮೇಲೆ ಕೂಗುವಂತಿಲ್ಲ. ಹೆರಿಗೆಯಾಯಿತು, ಕೂಗು. ಎಮ್ಮೆ ಈಯಿತು, ಕೂಗು. ಸಾವು, ದೊಡ್ಡ ಬೇನೆ ಇದ್ದರೆ ಮಾತ್ರ ಒಬ್ಬರು ಹೊಳೆ ದಾಟಿ ಹೋಗಿ, ಎದುರು ಕೂತು, ಹೇಳಬೇಕು. ನಮ್ಮಜ್ಜ ಹೋದ ದಿನ ಹೊಳೆ ತುಂಬಿತ್ತು. ಆದರೂ ಅಪ್ಪ ದೋಣಿಯವನ ಕೈಕಾಲು ಹಿಡಿದು ದಾಟಿದ. ಅತ್ತಿ ನೀರಿಗೆ ಬಂದವಳು ಅಪ್ಪ ದೋಣಿ ಇಳಿಯುವುದನ್ನು ಕಂಡು, ಒಂದು ಮಾತು ಕೇಳದೆ, ತಲೆಯ ಮೇಲಿನ ಕೊಡ ಕೆಳಗಿಟ್ಟು ಕೂತುಬಿಟ್ಟಳಂತೆ.

ನಮ್ಮ ಮನೆಯ ಕೂಗು ಎಂದರೆ ಅಕ್ಕನದು. ಅಕ್ಕ ಕಾಶಿಬಾಯಿ ನನಗಿಂತ ದೊಡ್ಡವಳು, ದನಿ ಅವಳಿಗಿಂತ ದೊಡ್ಡದು. ಅವಳು ದಂಡೆಯಲ್ಲಿ ನಿಂತು "ಭಾಗವ್ವತ್ತೀ" ಎಂದರೆ ಆಚೆ ದಂಡೆಯ ಎಮ್ಮೆಗಳೂ ತಲೆ ಎತ್ತುತ್ತಿದ್ದವು. ನನ್ನದೋ ಸಣ್ಣ ದನಿ. ನಾನು ಕೂಗಿದರೆ ಪಕ್ಕದಲ್ಲಿದ್ದ ಕೊಕ್ಕರೆ ಕೂಡ ಹಾರುತ್ತಿರಲಿಲ್ಲ. ಎರಡು ಸಲ ಕೂಗಿ ಕೆಮ್ಮತೊಡಗಿದರೆ ಅಕ್ಕ ನನ್ನನ್ನು ಹಿಂದಕ್ಕೆ ಸರಿಸುತ್ತಿದ್ದಳು.

"ಬಿಡು ಶರಣೂ, ನಿನ್ನ ದನಿ ನಡು ಹೊಳ್ಯಾಗ ಮುಳುಗ್ತದ. ನಾ ಕೂಗ್ತೇನಿ."

ಅತ್ತಿಯ ದನಿಯೂ ನನ್ನ ಹಾಗೆಯೇ. ಅಪ್ಪನ ಕಡೆಯಿಂದ ನಮಗೆ ಬಂದ ಆಸ್ತಿ ಅದೊಂದೇ. ಅತ್ತಿ 'ಓ' ಎಂದರೆ ಈಚೆ ಕೇಳುತ್ತಿರಲಿಲ್ಲ. ಅದಕ್ಕೆ ಆಕೆ ದಂಡೆಯಿಂದ ಒಂದು ಹಳ್ಳು, ಅಂದರೆ ಸಣ್ಣ ಕಲ್ಲು, ಆರಿಸಿಕೊಂಡು ತಾಮ್ರದ ಕೊಡಕ್ಕೆ ಬಡಿಯುತ್ತಿದ್ದಳು. ಠಣ್. ಅದೇ ಓ. ಅಕ್ಕ ಕೂಗಿ ಕೂಗಿ ಹೇಳುವಳು: ಅವ್ವನ ಮೊಣಕಾಲು ಬೇನೆ ಕಡಿಮೆಯಾಗಿದೆ, ತೊಗರಿ ರಾಶಿಯಾಗಿದೆ, ಶರಣ್ಯಾ ಗೋಡೆಯ ಮೇಲೆಲ್ಲ ಇದ್ದಿಲಿನಿಂದ ಕುದುರೆ ಬರೆದಿದ್ದಾನೆ, ಬಡಿಸಿಕೊಂಡಿದ್ದಾನೆ. ಒಂದೊಂದು ಸುದ್ದಿಗೂ ಆಚೆಯಿಂದ ಠಣ್. ನನಗೆ ಇದು ಬಹಳ ವಿಚಿತ್ರ ಕಾಣುತ್ತಿತ್ತು.

"ಅಕ್ಕಾ, ಅತ್ತಿ ಏನೂ ಹೇಳಂಗೇ ಇಲ್ಲ. ನೀ ಯಾಕ ಇಷ್ಟು ಹೇಳ್ತಿ?"

"ಕೇಳಾಕತ್ತಾಳಂತ ಗೊತ್ತಾತಲ್ಲ. ಸಾಕು. ಹೇಳೋದು ಬಾಳ ಇರ್ತದ" ಎಂದಿದ್ದಳು.

ಅಕ್ಕನನ್ನು ಮಣ್ಣೂರಿನಲ್ಲೇ ಕೊಟ್ಟರು. ಅತ್ತಿ ಹೋದಳು, ಹೊಳೆಯ ಮೇಲಿನ ಮಾತು ನಿಂತಿತು, ಆದರೆ ಅಕ್ಕನ ದನಿ ನಿಲ್ಲಲಿಲ್ಲ. ನಾನು ಜೇವರ್ಗಿಯಲ್ಲಿದ್ದಾಗ ಶಾಲೆಯ ಎದುರಿನ ಅಂಗಡಿಗೆ ಫೋನು ಮಾಡುತ್ತಿದ್ದಳು. ಅವಳ ಮಟ್ಟಿಗೆ ಫೋನೆಂದರೆ ಇನ್ನೊಂದು ಹೊಳೆ, ಜೇವರ್ಗಿ ಅದರ ಆಚೆ ದಂಡೆ. ನಾನು ರಿಸೀವರನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದು ಮಾತಾಡುತ್ತಿದ್ದೆ. ಅಂಗಡಿಯವನು ಸಕ್ಕರೆ ತೂಗುತ್ತಲೇ ಎಲ್ಲ ಕೇಳಿಸಿಕೊಳ್ಳುವನು.

"ಮಾಸ್ತರ್ರೇ, ನಿಮ್ಮ ಅಕ್ಕಾರಿಗಿ ಫೋನ್ ಯಾಕ ಬೇಕ್ರಿ? ಮಣ್ಣೂರಾಗ ನಿಂತು ಕೂಗಿದ್ರ ಸೀದಾ ಇಲ್ಲಿಗೇ ಕೇಳಸ್ತದ."

ಮೊಬೈಲು ಬಂದ ಮೇಲೆಯೂ ಅವಳ ರಿವಾಜು ಬದಲಾಗಲಿಲ್ಲ. "ಶರಣೂ" ಎಂದು ಕರೆದು ಸುಮ್ಮನಾಗುವಳು. ನಾನು ಹಲೋ ಎಂದರೆ ಮಾತು ಮುಂದುವರಿಯುತ್ತಿರಲಿಲ್ಲ. "ಹಲೋ ಅಂತ ಯಾರಿಗಿ ಅಂತಿ? ಓ ಅನ್ನು" ಎಂದು ಬೈದು, ಮತ್ತೆ ಮೊದಲಿನಿಂದ ಕರೆಯುವಳು. ಸುಶೀಲಾ ಹೋದ ಮೇಲೆ ದಿನಾಲೂ ದೀಪ ಹಚ್ಚುವ ಹೊತ್ತಿಗೆ ಅವಳ ಫೋನು ಬರುತ್ತಿತ್ತು.

"ಏನ್ ಅಡಗಿ ಮಾಡೀದಿ?"

"ಅನ್ನ, ಸಾರು."

"ನಿನ್ನಿದೋ ಇವತ್ತಿಂದೋ?"

"ಇವತ್ತಿಂದೇ."

"ಸುಳ್ಳ ಹೇಳಬ್ಯಾಡ. ದನಿ ಕೇಳಿದ್ರ ಗೊತ್ತಾಗ್ತದ ನನಗ."

ಗೊತ್ತಾಗುತ್ತಿತ್ತು, ಖರೆ. ಹಳಸಿದ ಸಾರು ನನ್ನ ದನಿಯಲ್ಲಿ ಎಲ್ಲಿ ಸಿಗುತ್ತಿತ್ತೋ ದೇವರೇ ಬಲ್ಲ. ಆ ಬೈಗಳು ಕೇಳುವುದಕ್ಕೆಂದೇ ಕೆಲವು ದಿನ ನಿನ್ನೆಯ ಸಾರು ಬಿಸಿ ಮಾಡುತ್ತಿದ್ದೆ. ಇಡೀ ದಿನದಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವ ದನಿ ಅದೊಂದೇ ಆಗಿತ್ತು. ಉಳಿದವರಿಗೆಲ್ಲ ನಾನು ಸರ್.

ಈ ಮಧ್ಯೆ ಲೋಕವೆಲ್ಲ ಮೆಸೇಜಿಗೆ ಇಳಿಯಿತು. ನಿವೃತ್ತ ಮಾಸ್ತರರ ನಮ್ಮ ಗ್ರೂಪಿನಲ್ಲಿ ಬೆಳಗಾದರೆ ಗುಲಾಬಿ, ಸಂಜೆಯಾದರೆ ಮಲ್ಲಿಗೆ. ತರಗತಿಯಲ್ಲಿ ಗಂಟಲು ಹರಿಯುವ ತನಕ ಮಾತಾಡುತ್ತಿದ್ದ ಮಾಸ್ತರರೆಲ್ಲ ಈಗ ಒಂದು ಹೆಬ್ಬೆರಳು ಎತ್ತಿ ಸುಮ್ಮನಾಗುತ್ತಾರೆ. ಜೇವರ್ಗಿಯಲ್ಲಿ ನನ್ನ ಜೊತೆಗಿದ್ದ ಗಣಿತದ ಮಾಸ್ತರು ಅಂದೋಲಾದವರು. ಮಗಳ ಮದುವೆಯ ಕಾರ್ಡನ್ನು ಫೋಟೋ ಹೊಡೆದು ಕಳಿಸಿದರು. ನಾನು ಕೈಮುಗಿದ ಚಿತ್ರ ಕಳಿಸಿ, ಆ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಸ್ಸು ಹತ್ತಿ ಹೋದೆ. ಬಾಗಿಲಲ್ಲೇ ಅವರ ತಂದೆ ಕೂತಿದ್ದರು, ಬಹಳ ವಯಸ್ಸಾದವರು. ನನ್ನ ಗುರುತು ಹಿಡಿದು ಎರಡೂ ಕೈ ಹಿಡಿದುಕೊಂಡರು.

"ಮಾಸ್ತರ್ರೇ, ನಮ್ಮ ಹುಡುಗ ನಿಮಗ ಕರೀಲಿಕ್ಕೆ ಬರಲಿಲ್ಲ. ಕರೀದಿದ್ರೂ ಬಂದೀರಿ. ದೊಡ್ಡ ಮನಸ್ಸು ನಿಮ್ಮದು."

"ಕರದಾರ್ರಿ ಅಪ್ಪಾರ. ಮೊಬೈಲಿನಾಗ."

"ಮೊಬೈಲಿನಾಗ ಕರದ್ರ ಮೊಬೈಲ್ ಬರ್ಬೇಕ್ರಿ. ನೀವು ಯಾಕ ಬಂದ್ರಿ?"

ಮಗನನ್ನು ಅಲ್ಲಿಗೇ ಕರೆಸಿದರು. ಮದುವೆಯ ಗದ್ದಲದ ನಡುವೆ ಆ ಗಣಿತದ ಮಾಸ್ತರು ನನ್ನ ಹಣೆಗೆ ವಿಭೂತಿ ಹಚ್ಚಿ, ಕೈಗೆ ಅಡಿಕೆ ಎಲೆ ಕೊಟ್ಟು, "ಬರ್ಬೇಕ್ರಿ ಮದುವಿಗಿ" ಎಂದರು. ನಾನು "ಬರ್ತೇನ್ರಿ" ಎಂದೆ. ಆಮೇಲೆ ಮುದುಕರು ನನ್ನನ್ನು ಊಟಕ್ಕೆ ಬಿಟ್ಟರು. ಬಸ್ಸಿನಲ್ಲಿ ಬರುವಾಗ ನೆನೆದು ನೆನೆದು ನಕ್ಕೆ. ಈ ಕತೆ ಸಂಜೆ ಅಕ್ಕನಿಗೆ ಹೇಳಬೇಕು ಎಂದುಕೊಂಡೆ.

ಆದರೆ ಆ ಸಂಜೆ ಅಕ್ಕನ ಫೋನು ಬರಲಿಲ್ಲ. ಮಾರನೆಯ ಸಂಜೆಯೂ ಇಲ್ಲ. ನಾನೇ ಮಾಡಿದರೆ ಅಕ್ಕನ ಗಂಡ ಮಾಮಾ ಎತ್ತಿದರು. ಅಕ್ಕ ಹೊಲಕ್ಕೆ ಹೋಗಿದ್ದಾಳೆ ಎಂದರು. ಇನ್ನೊಂದು ದಿನ ಮಲಗಿದ್ದಾಳೆ ಎಂದರು. ನಮ್ಮ ಕಡೆ ಒಂದು ಬುದ್ಧಿ ಇದೆ, ಫೋನು ಎತ್ತದವರು ಸಿಟ್ಟಾಗಿದ್ದಾರೆ ಎಂದೇ ತಿಳಿಯುತ್ತೇವೆ. ಬೇರೆ ಕಾರಣ ನಮಗೆ ಹೊಳೆಯುವುದಿಲ್ಲ. ಪಂಚಮಿಗೆ ಹೋಗಲಿಲ್ಲವೆಂದು ಸಿಟ್ಟೇ, ರೊಟ್ಟಿಗೆಂದು ಅವಳು ಕಳಿಸಿದ ಶೇಂಗಾ ಹಿಂಡಿಯ ಡಬ್ಬಿ ವಾಪಸು ಕೊಡಲಿಲ್ಲವೆಂದು ಸಿಟ್ಟೇ ಎಂದು ಯೋಚಿಸಿ, ಡಬ್ಬಿಯನ್ನು ತೊಳೆದು ಒಣಗಿಸಿ ಚೀಲದಲ್ಲಿ ಇಟ್ಟೆ.

ಆಗ ಮೆಸೇಜು ಬರತೊಡಗಿತು. "ತಮ್ಮ, ಊಟವಾಯಿತೇ?" ನಾನು ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದೆ. ಅಕ್ಕ ಜನ್ಮದಲ್ಲಿ 'ಊಟವಾಯಿತೇ' ಅಂದವಳಲ್ಲ. "ಉಂಡಿ ಏನಲೇ" ಅನ್ನುವವಳು ಒಮ್ಮೆಲೇ ರೇಡಿಯೋ ವಾರ್ತೆ ಓದುವವಳಾದರೆ ಹೇಗೆ? ಒಂದೆರಡು ಅಕ್ಷರ ಒತ್ತಿದರೆ ಮೊಬೈಲು ತಾನೇ ಇಡೀ ಶಬ್ದ ಎತ್ತಿಕೊಡುತ್ತದಂತೆ, ಅವಳು ಅದನ್ನು ಒತ್ತುತ್ತಿದ್ದಳಂತೆ, ಅದೆಲ್ಲ ಆಮೇಲೆ ತಿಳಿಯಿತು. ಆಗ ಮಾತ್ರ ನನಗೆ ಪರಕೀಯರು ಯಾರೋ ನನ್ನ ಯೋಗಕ್ಷೇಮ ಕೇಳಿದ ಹಾಗಾಗಿ ಸಂಕಟವಾಯಿತು. "ಆಯಿತು" ಎಂದು ಬರೆದೆ. ಅದು ನಿನ್ನೆಯ ಸಾರೋ ಇವತ್ತಿನದೋ ಎಂದು ಯಾರೂ ಕೇಳಲಿಲ್ಲ.

ಒಂದು ಬೆಳಗ್ಗೆ ಸಂತೆಯಲ್ಲಿ ಮೆಂತ್ಯ ಸೊಪ್ಪು ಆರಿಸುತ್ತಿದ್ದಾಗ ಟಿಣ್ ಎಂದಿತು. "ಗಂಟಲಿನ ಶಸ್ತ್ರಚಿಕಿತ್ಸೆ ಇದೆ. ಸೋಲಾಪುರ. ಗಾಬರಿಯಾಗಬೇಡ." ಅದರ ಬೆನ್ನಿಗೇ ಗ್ರೂಪಿನಿಂದ ಒಂದು ಗುಲಾಬಿ. ನಾನು ಸೊಪ್ಪಿನವಳ ಬುಟ್ಟಿಯ ಪಕ್ಕದಲ್ಲೇ ಕುಕ್ಕರಿಸಿದೆ. ಸ್ವಲ್ಪ ಹೊತ್ತಿನ ಮೇಲೆ ಮಾಮಾಗೆ ಫೋನು ಹಚ್ಚಿದೆ. ದುಃಖಕ್ಕಿಂತ ಮೊದಲು ಸಿಟ್ಟು ಬಂತು.

"ಇಂಥ ಸುದ್ದಿ ಹಿಂಗ ಹೇಳ್ತಾರೇನು ಮಾಮಾ? ಹೊಳಿ ದಾಟಿ ಬಂದು ಹೇಳೋ ಸುದ್ದಿ ಇದು."

"ನಾ ಆಳಂದಕ್ಕ ಬರ್ತೇನಂದ್ರ ಬ್ಯಾಡ ಅಂದ್ಳಪ್ಪ. ತಾನ ಹೇಳ್ತೇನಂತ ಹಟ ಹಿಡದ್ಳು" ಎಂದರು ಮಾಮಾ. "ಆಕಿ ದನಿ ಯಾವಾಗೋ ಹೋಗ್ಯಾದ. ಬರೇ ಗೊರಗೊರ ಅಂತದ. ನಿನಗ ಕೇಳಿಸಬಾರದಂತ ಫೋನ್ ಎತ್ತಿಲ್ಲ."

ಮೆಂತ್ಯ ಅಲ್ಲೇ ಬಿಟ್ಟು ಸೋಲಾಪುರದ ಬಸ್ಸು ಹತ್ತಿದೆ.

ದವಾಖಾನೆಯ ಸಂಗತಿ ಹೆಚ್ಚು ಹೇಳುವುದಿಲ್ಲ. ಜೀವ ಉಳಿಸಬೇಕಾದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದಿದ್ದರು ಡಾಕ್ಟರು. ತೆಗೆದರು. ಅಕ್ಕ ಉಳಿದಳು, ದನಿ ಹೋಯಿತು. ಅವಳ ಮಂಚದ ಪಕ್ಕದಲ್ಲಿ ಕೂತು ನಾನು ಅತ್ತೆ. ಅವಳು ಕೈ ಎತ್ತಿ ನನ್ನ ತಲೆಗೆ ಒಂದು ಮೊಟಕಿದಳು. ಬೈಯಲು ಬರದ ಮೇಲೆ ಇನ್ನೇನು ಮಾಡಿಯಾಳು?

ಅವಳು ಮಣ್ಣೂರಿಗೆ ಮರಳಿ ಸ್ವಲ್ಪ ಚೇತರಿಸಿಕೊಂಡ ಮೇಲೆ ನಾನು ನೋಡಲು ಹೋದೆ. ಹವಳಗಾದ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ಸಿಕ್ಕಿಕೊಂಡು ತಡವಾಯಿತು. ಇಳಿಯುವಾಗ ಅಕ್ಕ ಬಸ್‌ಸ್ಟ್ಯಾಂಡಿನಲ್ಲೇ ನಿಂತಿದ್ದಳು, ಕುತ್ತಿಗೆಗೆ ಸೆರಗು ಸುತ್ತಿಕೊಂಡು. ನನಗೆ ಬಾಯಿಗೆ ಬಂದದ್ದು 'ಓ'. ಅವಳು ಕರೆದಿರಲಿಲ್ಲ, ಕರೆಯುವುದೂ ಸಾಧ್ಯವಿರಲಿಲ್ಲ. ಆ ಮುಖ ನೋಡಿ ಅಭ್ಯಾಸದಿಂದ ಬಂದುಬಿಟ್ಟಿತು. ಅವಳ ಕಣ್ಣು ತುಂಬಿದವು.

ಮನೆಯ ಕಟ್ಟೆಯ ಮೇಲೆ ಇಬ್ಬರೂ ಕೂತೆವು. ಅವಳು ಮೊಬೈಲಿನಲ್ಲಿ ಒಂದೊಂದೇ ಅಕ್ಷರ ಒತ್ತುವಳು. ಸ್ವಲ್ಪ ಹೊತ್ತಿಗೆ ನನ್ನ ಜೇಬಿನಲ್ಲಿ ಟಿಣ್. ಓದಿ ನಾನು ಬಾಯಿಯಿಂದ ಉತ್ತರ ಹೇಳುವೆ. ಅಂದೋಲಾದ ಮುದುಕರ ಕತೆ ಹೇಳಿದೆ. ಅವಳು ಭುಜ ಕುಣಿಸಿ ನಕ್ಕಳು, ಸದ್ದಿಲ್ಲ. ನಾನು ಆಗಲೇ ಬೇರೆ ಮಾತಿಗೆ ಹೋಗಿದ್ದಾಗ ಟಿಣ್ ಎಂದು, "ಮುದುಕಪ್ಪ ಖರೇ ಹೇಳ್ಯಾನ" ಎಂದು ಬಂತು. ಈಗ ಅವಳು ಮೊಬೈಲು ಎತ್ತಿಕೊಡುವ ಶಬ್ದ ಬಿಟ್ಟು ತನ್ನ ಮಾತನ್ನೇ ಒತ್ತಲು ಕಲಿತಿದ್ದಳು. ಒಳಗಿನಿಂದ ಬಂದ ಮಾಮಾ ನಮ್ಮಿಬ್ಬರನ್ನೂ ನೋಡಿದರು.

"ಒಂದ ಕಟ್ಟಿ ಮ್ಯಾಲ ಕುಂತು ಮೊಬೈಲಿನಾಗ ಮಾತಾಡ್ತೀರಿ. ನಿಮ್ಮಪ್ಪ ನೋಡಿದ್ರ ಇಬ್ಬರಿಗೂ ಬಡೀತಿದ್ದ" ಎಂದು ಚಹಾ ಇಟ್ಟು ಹೋದರು.

ಚಹಾ ಕುಡಿಯುತ್ತಿದ್ದಾಗ ಮತ್ತೆ ಟಿಣ್. "ಇನ್ನ ನಿನಗ ಯಾರ ಕರೀತಾರ?"

ಇಷ್ಟು ದಿನ ತನ್ನ ಗಂಟಲಿಗಿಂತ ಅವಳಿಗೆ ಅದೇ ಚಿಂತೆಯಾಗಿತ್ತು ಎಂದು ನನಗೆ ಅರ್ಥವಾಯಿತು. ನನಗೂ ಅದೇ ಭಯವಿತ್ತು, ಬಾಯಿ ಬಿಟ್ಟು ಹೇಳಿರಲಿಲ್ಲ.

"ಮೆಸೇಜ್ ಬರೀತಿಯಲ್ಲ. ಅಷ್ಟೇ ಸಾಕು ನನಗ" ಎಂದೆ.

ಅವಳು ತಲೆ ಅಲ್ಲಾಡಿಸಿದಳು. ದನಿ ಹೋದದ್ದು ಅವಳದು, ನನ್ನದಲ್ಲ. ನನ್ನ ಸುಳ್ಳು ಅವಳಿಗೆ ಈಗಲೂ ಕೇಳಿಸುತ್ತಿತ್ತು.

ಸಂಜೆ ಅವಳು ತಾಮ್ರದ ತಂಬಿಗೆ ಹಿಡಿದು ಹೊರಗೆ ನಡೆದಳು, ನನಗೂ ಬಾ ಎಂದು ಕೈ ಮಾಡಿದಳು. ಹೊಳೆಯ ದಂಡೆಗೆ ಹೋದೆವು. ಈಗ ಅಲ್ಲಿಗೆ ಕೊಡ ಹೊತ್ತು ಯಾರೂ ಬರುವುದಿಲ್ಲ, ಮನೆ ಮನೆಗೆ ನಳ ಬಂದಿದೆ. ಆಚೆ ದಂಡೆಯಲ್ಲಿ ಕಬ್ಬು ನಿಂತಿದೆ, ಒಂದು ಪಂಪಿನ ಸದ್ದು ಬಿಟ್ಟರೆ ಬೇರೆ ಇಲ್ಲ. ಅಕ್ಕ ಮೊಬೈಲಿನಲ್ಲಿ ಏನೋ ಒತ್ತಿ ನನಗೇ ತೋರಿಸಿದಳು. "ಕೂಗು."

"ಯಾರಿಗಿ ಕೂಗ್ಲಿ? ಅತ್ತಿ ಎಲ್ಲಿ ಅದಾಳ ಈಗ?"

ತನ್ನ ಎದೆಯ ಮೇಲೆ ಬೆರಳಿಟ್ಟು ತೋರಿಸಿದಳು. ಆಮೇಲೆ ದಂಡೆಗುಂಟ ನಡೆಯತೊಡಗಿದಳು. ನಾನು ಹಿಂದೆ ಹೊರಟರೆ ತಿರುಗಿ ಅಲ್ಲೇ ನಿಲ್ಲು ಎಂದು ಕೈ ತೋರಿಸಿದಳು. ಉಸುಕು ದಾಟಿ, ಜಾಲಿ ಗಿಡ ದಾಟಿ, ಅವಳ ಹಸಿರು ಸೀರೆ ಒಂದು ಗೇಣಿನಷ್ಟು ಕಾಣುವ ತನಕ ಹೋಗಿ ನಿಂತಳು, ನನಗೆ ಬೆನ್ನು ಮಾಡಿ. ಕೈ ಮಾಡಿದರೆ ಕಾಣದ ಹಾಗೆ, ಕೂಗಲೇಬೇಕಾದ ಹಾಗೆ.

ರಿಟೈರಾದ ಮಾಸ್ತರ, ಇಸ್ತ್ರಿ ಅಂಗಿ, ಹೊಳೆದಂಡೆಯಲ್ಲಿ ನಿಂತು ಕೂಗುವುದೆಂದರೆ! ಹಿಂದೆ ಮುಂದೆ ನೋಡಿದೆ. ಒಂದು ಎಮ್ಮೆ ಬಿಟ್ಟರೆ ಯಾರೂ ಇರಲಿಲ್ಲ. "ಅಕ್ಕಾ" ಎಂದೆ. ದನಿ ನಾಲ್ಕು ಹೆಜ್ಜೆ ಹೋಗಿ ಬಿದ್ದಿತು. ಮತ್ತೆ ಕರೆದೆ, ಕೆಮ್ಮು ಬಂತು. ಹಿಂದಕ್ಕೆ ಸರಿಸಿ ನನ್ನ ಬದಲು ಕೂಗುವವರು ಯಾರೂ ಇರಲಿಲ್ಲ. ಆಗ ಕಣ್ಣು ಮುಚ್ಚಿ, ಹೊಟ್ಟೆಯೊಳಗಿದ್ದುದನ್ನೆಲ್ಲ ಎಳೆದು, ಸುಶೀಲಾ ಹೋದಾಗಲೂ ಕೂಗದಷ್ಟು ಜೋರಾಗಿ ಕೂಗಿದೆ.

"ಅಕ್ಕಾ..."

ಕೂಗಿ ಸುಮ್ಮನೆ ನಿಂತೆ. ಎಮ್ಮೆ ತಲೆ ಎತ್ತಿತು. ದೂರದಲ್ಲಿ ಹಸಿರು ಸೀರೆ ಬಗ್ಗಿತು, ಕೆಳಗಿನಿಂದ ಏನೋ ಆರಿಸಿಕೊಂಡಿತು.

ಠಣ್.

ನಾನು ಉಸುಕಿನಲ್ಲಿ ಕೂತುಬಿಟ್ಟೆ.

ಆ ಹಳ್ಳನ್ನು ಅವಳು ಮನೆಗೆ ತಂದಳು. ತಂಬಿಗೆ ಈಗ ಅವಳ ಮೊಬೈಲಿನ ಪಕ್ಕದಲ್ಲೇ ಇರುತ್ತದೆ. ದಿನಾಲೂ ದೀಪ ಹಚ್ಚುವ ಹೊತ್ತಿಗೆ ನಾನು ಫೋನು ಮಾಡಿ "ಅಕ್ಕಾ" ಎಂದು ಸುಮ್ಮನಾಗುತ್ತೇನೆ. ಠಣ್ ಎಂದ ಮೇಲೆ ಸುದ್ದಿ ಶುರು. ಖಾಜಾಬಿಯ ಸುಸಲಾ, ಗ್ರೂಪಿನ ಗುಲಾಬಿ, ಮೊಣಕಾಲು ಬೇನೆ, ಎಲ್ಲ ಹೇಳುತ್ತೇನೆ. ನನಗೆ ಇಷ್ಟು ಮಾತು ಬರುತ್ತದೆಂದು ನನಗೇ ಗೊತ್ತಿರಲಿಲ್ಲ. "ಇವತ್ತಿಂದೇ ಸಾರು" ಎಂದರೆ ಒಮ್ಮೊಮ್ಮೆ ಠಣ್ ಠಣ್ ಠಣ್ ಎಂದು ತಂಬಿಗೆ ಚಪ್ಪಟೆಯಾಗುವ ಹಾಗೆ ಬಡಿಯುತ್ತಾಳೆ. ಸುಳ್ಳು ಸಿಕ್ಕಿದೆ ಎಂದು ಅರ್ಥ.

ಫೋನು ಇಟ್ಟ ಮೇಲೆ ಮನೆ ಮತ್ತೆ ಸುಮ್ಮನಾಗುತ್ತದೆ. ಅದಕ್ಕೆ ಮದ್ದು ಸಿಕ್ಕಿದೆ ಎಂದು ನಾನು ಹೇಳುವುದಿಲ್ಲ. ನಾನು ಅವಳನ್ನು ಕರೆಯಬಹುದು, ಅವಳು ನನ್ನನ್ನು ಕರೆಯುವಂತಿಲ್ಲ. "ಶರಣೂ" ಎಂದು ಕರೆಯುವ ದನಿ ಭೀಮೆಯ ಈಚೆಗೂ ಇಲ್ಲ, ಆಚೆಗೂ ಇಲ್ಲ. ಹಗಲಲ್ಲಿ ಅವಳಿಗೆ ನನ್ನ ನೆನಪಾದರೆ ಒಂದು ಮೆಸೇಜು ಕಳಿಸುತ್ತಾಳೆ. ಹತ್ತು ಸಲ ಟಿಣ್ ಎಂದರೆ ಒಂಬತ್ತು ಸಲ ಅದು ರೀಚಾರ್ಜಿನದು, ಬ್ಯಾಂಕಿನದು, ಗುಲಾಬಿಯದು. ಆದರೆ ಟಿಣ್ ಎಂದ ಹೊತ್ತಿನಲ್ಲಿ ಯಾರದೆಂದು ಯಾರು ಕಂಡಿದ್ದಾರೆ? ನನ್ನ ಹೆಸರು ಈಗ ಟಿಣ್ ಎಂದೇ ಕೇಳಿಸುತ್ತದೆ. ಅದಕ್ಕೇ ಓ ಅನ್ನುತ್ತೇನೆ.